ಜವರಮ್ಮನ ಡಿಸಗ್ರೀ

ಆ ಶಾಯಿ ಡಬ್ಬಿ ಕಂಡರೆ ಜವರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು! ಹೆಂಗಸರ ಸ್ಥಾನಕ್ಕೆ ಅಂತ ಕೆಳಗೇರಿಯಿಂದ ಅವಳನ್ನು ಪಂಚಾಯ್ತಿ ಮೆಂಬರ್ ಮಾಡಿ ಎರಡು ವರ್ಷವಾಗಿತ್ತು. ಒಂದು ಮೀಟಿಂಗಿಗಾದರೂ ಕರೆದಿರಲಿಲ್ಲ. ಗುಮಾಸ್ತ ರಂಗನಾಯಕ ಪುಸ್ತಕ ಹೊತ್ತು ಮನೆಮನೆಗೂ ಬರುತ್ತಿದ್ದ. ಬೇರೆಯವರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುವವನು, ಇಲ್ಲಿ ಮಾತ್ರ ಪುಸ್ತಕವನ್ನು ಬಾಗಿಲ ಕಲ್ಲಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅವಳು ಹೆಬ್ಬೆಟ್ಟು ಒತ್ತಿ ದೂರ ನಿಂತ ಮೇಲೆ ಎತ್ತಿಕೊಳ್ಳುತ್ತಿದ್ದ.

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾದರೂ ಈ ಮದ್ರಾಸ್ ಕಾಲದ ಗುಮಾಸ್ತ ಬರೆಯುತ್ತಿದ್ದುದು ಇಂಗ್ಲಿಷಿನಲ್ಲೇ. ಅದರಲ್ಲಿ ಏನಿರುತ್ತದೆ ಅಂತ ಅವಳಿಗೆ ಹೇಳಿದ್ದು ಶಾಲೆಯ ಟೀಚರಮ್ಮ ಮಹಾಲಕ್ಷ್ಮಮ್ಮ.

“ಪ್ರತಿ ಸಲಾನೂ ‘ಎಲ್ಲ ಮೆಂಬರೂ ಅಗ್ರೀ’ ಅಂತ ಬರೀತಾರೆ ಜವರಮ್ಮ. ಒಪ್ಪಿದೀರಿ ಅಂತ ಅರ್ಥ.”

“ಕೇಳ್ದೇನೇ ಒಪ್ಪುಸ್ಬುಟ್ರಾ? ಒಪ್ಪಲ್ಲ ಅನ್ನಕೆ ಇಂಗ್ಲೀಸ್ನಲ್ಲಿ ಮಾತಿಲ್ವಾ ಅಮ್ಮಾ?”

“ಇದೆ. ಡಿಸಗ್ರೀ. ಅದು ಬೈಗುಳ ಅಲ್ಲ, ಜಗಳಾನೂ ಅಲ್ಲ. ನಿಮ್ಮ ಅಭಿಪ್ರಾಯ ಅದು, ನನ್ನದು ಬೇರೆ ಅಂತ. ನೀವು ಹಾಗಂದ್ರೆ ಗುಮಾಸ್ತರು ಬರ್ಕೊಳ್ಳಲೇಬೇಕು, ಕಾರಣಾನೂ ಬರ್ಕೊಬೇಕು.”

ಈ ಸಲ ರಂಗನಾಯಕ ತಂದದ್ದು ಬಾವಿಯ ವಿಚಾರ. ಸರ್ಕಾರ ಕೊಟ್ಟ ಹೊಸ ಕುಡಿಯುವ ನೀರಿನ ಬಾವಿ ತೋಡುವುದು ಅಧ್ಯಕ್ಷ ದೊಡ್ಡಮಾದಪ್ಪನ ಮೇಲುಬೀದಿಯಲ್ಲಂತೆ! ಅಲ್ಲಿ ಆಗಲೇ ಎರಡು ಬಾವಿಯಿದ್ದವು. ಕೆಳಗೇರಿಯವರು ಕುಡಿಯುತ್ತಿದ್ದುದು ಎಮ್ಮೆ ಮೀಯುವ ಕಟ್ಟೆಯ ನೀರು. ಹೋದ ತಿಂಗಳು ವಾಂತಿಭೇದಿಯಾಗಿ ಜವರಮ್ಮನ ಮೊಮ್ಮಗಳು ತೀರಿಕೊಂಡಿದ್ದಳು. ಉಳಿದ ಏಳು ಮೆಂಬರುಗಳು ಆಗಲೇ ಒತ್ತಿಯಾಗಿತ್ತು.

“ಬ್ಯಾಗ ಒತ್ತವ್ವ, ಹನೂರು ಬಸ್ಸಿಗೋಗ್ಬೇಕು,” ಅಂದ ರಂಗನಾಯಕ.

ಜವರಮ್ಮ ಒತ್ತಲಿಲ್ಲ. ಪುಸ್ತಕವನ್ನೇ ಎತ್ತಿ ಎದೆಗವಚಿಕೊಂಡಳು. “ಡಿಸಗ್ರೀ!”

ರಂಗನಾಯಕ ಕಕ್ಕಾಬಿಕ್ಕಿಯಾದ. “ಏನಂದೆ? ಕೊಡಿಲ್ಲಿ ಪುಸ್ತಕ!”

“ಬಾ, ಕಿತ್ಕೋ.”

ಕಿತ್ತುಕೊಳ್ಳುವುದು ಹೇಗೆ? ಅವಳನ್ನು ಮುಟ್ಟಬೇಕಲ್ಲ! ಮುಂದಕ್ಕಿಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡ. ಥೂ, ಇವನ ಮಡಿಗಿಷ್ಟು ಬೆಂಕಿ ಹಾಕ!

“ಸರ್ಕಾರದ ಪುಸ್ತಕ ಕಣವ್ವ,” ಅವನ ದನಿ ಇಳಿಯಿತು. “ಆಯ್ತು, ನಿನ್ನ ಡಿಸಗ್ರೀ ಬರ್ಕತೀನಿ. ಏಳು ಜನ ಒಪ್ಪವ್ರೆ, ನೀನೊಬ್ಳು ಒಪ್ದಿದ್ರೆ ಏನ್ ಮುಳುಗೋಯ್ತದೆ?”

ಅವಳು ಕಲ್ಲಿನ ಮೇಲೆ ಕೂತು ಪುಸ್ತಕ ಬಿಡಿಸಿ ಎರಡು ಕೈಯಲ್ಲೂ ಹಿಡಿದಳು. ಅವನು ಬಗ್ಗಿ, ತೋಳು ಚಾಚಿ, ಪೆನ್ನಿನ ಮೂತಿಯಷ್ಟೇ ತಾಗುವಂತೆ ಬರೆದ. ಗಲಾಟೆ ಕೇಳಿ ಬಂದಿದ್ದ ಟೀಚರಮ್ಮ ಓದಿ, ಸರಿಯಾಗಿದೆ ಅಂದಳು.

“ಕಾರಣ?” ಅಂದ.

“ಅಧ್ಯಕ್ಷರ ಬೀದಿ ಬಾವೀಲಿ ನಮ್ಮ ಕೇರಿಯೋರ್ನ ನೀರು ಸೇದಕೆ ಬುಡಲ್ಲ. ಅಂಗೇ ಬರಿ.”

ಪೆನ್ನು ನಿಂತುಹೋಯಿತು. ಬಾವಿ ಮುಟ್ಟಲು ಬಿಡದಿದ್ದರೆ ಅಪರಾಧ ಅಂತ ಕಾನೂನಾದದ್ದು ಗುಮಾಸ್ತನಿಗೆ ಗೊತ್ತಿಲ್ಲವೆ? “ಇದ್ನ ಬರುದ್ರೆ ಅಧ್ಯಕ್ಷರು ಜೈಲಿಗೋಯ್ತಾರೆ ಕಣವ್ವ!”

“ಅಂಗಾದ್ರೆ ಬಾವಿ ನಮ್ಮ ಕೇರೀಲಿ ಅಂತ ತಿದ್ದು. ಎರಡ್ರಲ್ಲಿ ಯಾವ್ದಾರೂ ಒಂದು ಬರಿ. ಅಲ್ಲಿಗಂಟ ಪುಸ್ತಕ ನನ್ನ ಕೈಲೇ ಇರ್ತದೆ.”

ರಂಗನಾಯಕ ಮೇಲುಬೀದಿಯ ಕಡೆ ನೋಡಿದ, ಅವಳ ಕೈ ನೋಡಿದ. ಕಡೆಗೆ ಡಿಸಗ್ರೀಗೆ ಗೀಟೆಳೆದ, ಅಧ್ಯಕ್ಷನ ಬೀದಿಯ ಹೆಸರಿಗೂ ಗೀಟೆಳೆದು ಮೇಲೆ ಕೆಳಗೇರಿ ಅಂತ ಬರೆದ. ಅದರ ಕೆಳಗಿದ್ದ ಏಳು ಹೆಬ್ಬೆಟ್ಟುಗಳು ಎಂದಿನಂತೆ ಅದಕ್ಕೂ ಒಪ್ಪಿದವು.