ಅಜ್ಜಿಯ ರಕ್ತ

ಸಾಸಿವೆ ಸಿಡಿಯಿತು, ಚಟಚಟ ಚಟಚಟ, ಪಕ್ಕದಲ್ಲೇ ಕೂತ ನನ್ನ ಮಗಳು ಬೊಮ್ಮಿ ಕತ್ತೂ ತಿರುಗಿಸಲಿಲ್ಲ, ಸಿಡಿಯಲಿ, ಒಗ್ಗರಣೆ ಸೀದು ಕರಿಯಾಗಲಿ, ಪಡಸಾಲೆಯಲ್ಲಿ ಕೂತವರು ಅದನ್ನೇ ಉಣ್ಣಲಿ — ತಂಬ್ರಹಳ್ಳಿಯಿಂದ ನನ್ನವ್ವನ ತಂಗಿ, ಚಿಕ್ಕಮ್ಮ ಬಂದಿದ್ದಾಳೆ, ಮಗಳು ಸುಮಲತಾಳನ್ನು ನನ್ನ ಗಂಡನಿಗೆ ಎರಡನೆಯವಳಾಗಿ ಕೊಡುವುದಕ್ಕೆ, ಎಲೆ ಅಡಿಕೆ ತಟ್ಟೆ ಜೋಡಿಸಿದವಳೂ ನಾನೇ, ಥೂ. ಗಂಡ ಅಂದರೆ ಯಾರು, ನನ್ನವ್ವನ ತಮ್ಮ ಪಾಲಾಕ್ಷಪ್ಪ ಮಾವ, ಅತ್ತೆ ಅಂದರೆ ಯಾರು, ನನ್ನವ್ವನನ್ನು ಹೆತ್ತ ಅಜ್ಜಿ ಶಿವಬಸಮ್ಮ, ಮನಿ ಹುಡುಗಿ ಮನ್ಯಾಗ ಇರ್ಲಿ, ಹೊರಗಿನ ರಕ್ತ ಯಾಕ ಅಂತ ನನ್ನನ್ನು ಎಳೆದುಕೊಂಡವಳು ಅವಳೇ, ಬೊಮ್ಮಿಯ ಬೆನ್ನ ಹಿಂದೆ ಹಿತ್ತಾಳೆ ತಟ್ಟೆ ಬಡಿದು ಬಡಿದು ನೋಡಿ, ಇದು ನಿಮ್ಮಪ್ಪನ ಕಡಿ ರಕ್ತ, ಅವನೂರು ನೀಲಗುಂದದ ಪೀಡಾ, ನಮ್ಮ ವಂಶದಾಗ ಇಂಥದ್ದು ಇಲ್ಲ ಅಂದವಳೂ ಅವಳೇ, ಈಗ ಕೂಡ್ಲಿಗಿಯ ಎಸ್‌ಟಿಡಿ ಬೂತಿನಿಂದ ಚಿಕ್ಕಮ್ಮನಿಗೆ ಫೋನು ಮಾಡಿ, ನಿನ್ನ ಮಗಳನ್ನ ಕೊಡು, ಮನಿಗೆ ಮಾತಾಡೋ ಕೂಸು ಬೇಕು ಅಂದವಳೂ ಅವಳೇ, ಮತ್ತೆ ಅದೇ ಮನೆ, ಅದೇ ರಕ್ತ, ಹುಣ್ಣಿಗೆ ಹುಣ್ಣನ್ನೇ ಔಷಧ ಹಚ್ಚುತ್ತಿದ್ದಾಳೆ ಮುದುಕಿ. ನಗು ಬರುತ್ತದೆ ನನಗೆ. ಯಾಕೆಂದರೆ ಮೊನ್ನೆ ದಾವಣಗೆರೆಯಲ್ಲಿ ನಮ್ಮ ರಕ್ತಪರೀಕ್ಷೆಯ ರಿಪೋರ್ಟು ಬಂತು, ಮಾವ ಹೊರಗೆ ಬೀಡಿ ಸೇದುತ್ತ ನಿಂತಿದ್ದ, ಕೇಳಿಸಿಕೊಂಡವಳು ನಾನೊಬ್ಬಳೇ, ಡಾಕ್ಟರು ಬಸವನಹುಳುವಿನ ಚಿಪ್ಪಿನಂಥ ಸುರುಳಿ ಬರೆದು, ಒಳಕಿವಿ ಇದು ನೋಡಮ್ಮ, ಇದರೊಳಗೆ ಕೂದಲಿನಂಥ ಕೋಶಗಳು, ಸದ್ದಿಗೆ ಅಲುಗಬೇಕು, ನಿನ್ನ ಮಗಳಿಗೆ ಹುಟ್ಟಿನಿಂದಲೇ ಅವು ಕೆಲಸ ಮಾಡಲ್ಲ, ಕೆಟ್ಟ ಜೀನು ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಕೂಡಿದರೇ ಹಿಂಗೆ, ಒಂದೇ ಇದ್ದವರಿಗೆ ಏನೂ ತಿಳಿಯಲ್ಲ, ನಿಮ್ಮಿಬ್ಬರದೂ ಒಂದೇ ತಪ್ಪು, ಅದು ನಿನ್ನ ಅಜ್ಜ-ಅಜ್ಜಿಯಿಂದ ಇಬ್ಬರಿಗೂ ಇಳಿದು ಬಂದದ್ದು, ಚಿಕ್ಕಮ್ಮನ ಮಕ್ಕಳಲ್ಲೂ ಇರಬಹುದು ಅಂದರು. ಇರಲಿ, ಶಿವನೇ, ಇರಲಿ! ಹೇಳುವುದಿಲ್ಲ ನಾನು, ಮದುವೆಯಾಗಲಿ, ಅಕ್ಷತೆ ನಾನೇ ಹಾಕುತ್ತೇನೆ, ಅವಳು ಹಡೆಯಲಿ, ಅಜ್ಜಿ ತಟ್ಟೆ ಬಡಿಯಲಿ, ಕೈ ಸೋತು ಬೀಳುವ ತನಕ ಬಡಿಯಲಿ, ಕೂಸು ತಿರುಗದಿರಲಿ, ಆಗ ಮುಂದೆ ನಿಂತು ಕೇಳುತ್ತೇನೆ, ಅಜ್ಜಿ, ಇದು ಯಾರಪ್ಪನ ಕಡಿ ರಕ್ತ, ಮಾಡಿದ್ದುಣ್ಣೋ ಮಹಾರಾಯ — ಯಾರೋ ಬಂದರು, ಸುಮಲತಾ, ನೀರಿನ ನೆಪ, ಕಣ್ಣು ಕೆಂಪಾಗಿದೆ, ಗಂಗಕ್ಕಾ, ನೀನು ಬ್ಯಾಡ ಅಂದ್ರ ನಾ ವಲ್ಲೆ ಅಂತೀನಿ, ನನಗ ಮನಸಿಲ್ಲ, ನೀನಾರ ಒಂದು ಮಾತು ಹೇಳಕ್ಕ.

ಒಂದು ಮಾತು. ಹೇಳಿದರೆ ಮುದುಕಿ ಗೆಲ್ಲುತ್ತಾಳೆ, ಬೇರೆ ಕಡೆಯ ಹೆಣ್ಣು ತರುತ್ತಾಳೆ, ಮಾತಾಡುವ ಕೂಸನ್ನು ಎತ್ತಿಕೊಂಡು ನನ್ನ ಮುಂದೆಯೇ ಓಡಾಡುತ್ತಾಳೆ, ಹೇಳದಿದ್ದರೆ ಈ ಹುಚ್ಚು ಹುಡುಗಿ, ನನ್ನ ಹಳೆಯ ಲಂಗ ಉಟ್ಟು ಬೆಳೆದವಳು, ಇದೇ ಒಲೆಯ ಮುಂದೆ — ಬಾಯಿ ಮುಚ್ಚು, ಗಂಗಾಂಬಿಕಾ, ಮುಚ್ಚು, ನನಗಾಗಿ ಯಾರು ಅತ್ತರು — ಬೊಮ್ಮಿ ಎದ್ದು ಬಂದಳು, ಯಾರಾದರೂ ನನ್ನ ಮುಂದೆ ನಿಂತರೆ ಬಂದು ನನ್ನ ಗಂಟಲ ಮೇಲೆ ಬೆರಳಿಡುತ್ತಾಳೆ, ಅವ್ವ ಏನು ಹೇಳುತ್ತಾಳೆ ಅಂತ ಅಲ್ಲಿನ ನಡುಕದಲ್ಲಿ ಹುಡುಕುತ್ತಾಳೆ, ಇಟ್ಟಳು, ಏನೂ ಇಲ್ಲ, ನನ್ನ ಮುಖ ನೋಡಿದಳು, ತೆಗೆದಳು, ನನ್ನ ಸೆರಗಿಗೆ ಬೆರಳು ಒರೆಸಿಕೊಂಡು ಮತ್ತೆ ಇಟ್ಟಳು, ಈಗ ಗಟ್ಟಿಯಾಗಿ ಒತ್ತಿ, ಗಂಟಲ ಮೇಲೆ ಎರಡು ಪುಟ್ಟ ಬೆರಳು, ಒತ್ತಿ ಹಿಡಿದು, ಕಾಯುತ್ತ