ಇಪ್ಪತ್ತೊಂದು ಸಾವಿರದೊಳಗೆ

ತೆಂಗಿನೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಡೈನಾ ಸತ್ತ ತಾಯಿಯ ಬೆರಳ ತುದಿಗಳನ್ನು ಉಜ್ಜುತ್ತಲೇ ಇದ್ದಳು. ಗೇರುಬೀಜದ ಸಿಪ್ಪೆಯ ಎಣ್ಣೆ ಕಚ್ಚಿದ ಕಪ್ಪು; ಬಿಡಲಿಲ್ಲ.

"ಸಾಕು ಮಗಾ," ಎಂದಳು ವನಜಾಕ್ಷಿ. ಬಜಗೋಳಿಯ ಗೇರುಬೀಜ ಕಾರ್ಖಾನೆಯಲ್ಲಿ ಡೈನಾಳ ತಾಯಿ ತೆರೆಸಾಳ ಪಕ್ಕದಲ್ಲೇ ಕೂತು ಹತ್ತೊಂಬತ್ತು ವರ್ಷ ಬೀಜ ಒಡೆದವಳು. "ಧಣಿ ಕರೆದಾಗ ಸೂಪರ್‌ವೈಸರ್ ಆಗಿದ್ದರೆ ಈ ಕೈ ಹೀಗಾಗುತ್ತಿತ್ತಾ? ನಿನ್ನೆ ಮೊನ್ನೆ ಬಂದವರೆಲ್ಲ ಕುರ್ಚಿ ಹತ್ತಿದರು. ತೆರೆಸಾಬಾಯಿಗೆ ಮಾತ್ರ ಬೇಡ."

ಡೈನಾ ಆ ಬೆರಳುಗಳಿಗೆ ಜಪಮಾಲೆ ಸುತ್ತಿದಳು. ಮೂಲೆಯ ಕುರ್ಚಿಯಲ್ಲಿ ತಂದೆ ಪಾಸ್ಕಲ್, ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಹೆಂಡತಿಯ ಕಾರ್ಮಿಕ ವಿಮೆಯ ಇಎಸ್‌ಐ ಕಾರ್ಡಿನಲ್ಲಿ, ಖರ್ಚಿಲ್ಲದೆ. ಸಂಬಳ ಇಪ್ಪತ್ತೊಂದು ಸಾವಿರ ದಾಟಿದರೆ ಕಾರ್ಡು ಇಲ್ಲ. ಸೂಪರ್‌ವೈಸರಿಗೆ ಇಪ್ಪತ್ತೆರಡು.

"ಇನ್ನು ಆ ಕಾರ್ಡು ಎಷ್ಟು ದಿನ?" ಎಂದು ಕೇಳಿದ, ಶವಪೆಟ್ಟಿಗೆಯ ಕಡೆ ನೋಡದೆ.

"ಕೆಲವು ತಿಂಗಳು ನಡೆಯುತ್ತದಂತೆ," ಎಂದಳು ವನಜಾಕ್ಷಿ.

*

ಬದುಕಿದ್ದಾಗ, ಪ್ರತಿ ವರ್ಷ ಬಜೆಟ್ಟಿನ ಸಂಜೆ ತೆರೆಸಾ ವಾರ್ತೆ ಬಿಟ್ಟು ಧಾರಾವಾಹಿ ಹಾಕಲು ಬಿಡುತ್ತಿರಲಿಲ್ಲ. ಒಂದು ಸಲ ಆದಾಯ ತೆರಿಗೆಯ ಮಿತಿ ಹನ್ನೆರಡು ಲಕ್ಷಕ್ಕೇರಿತ್ತು.

"ನಿಮಗೆಂತ ತೆರಿಗೆ ಮಮ್ಮಿ?" ಡೈನಾ ನಕ್ಕಿದ್ದಳು.

"ಎಲ್ಲರದ್ದೂ ಏರಿಸುತ್ತಾರಲ್ಲ ಮಾರಾಯ್ತಿ. ನಮ್ಮ ಕಾರ್ಡಿನದ್ದೆಂತ ಆಯಿತು, ಕೇಳು."

ನಮ್ಮದು ಹೇಳಲೇ ಇಲ್ಲ. ಹವಾಮಾನವೂ ಮುಗಿಯಿತು. ಟಿವಿ ಆರಿಸಿದ ಮೇಲೂ ತೆರೆಸಾ ಕಪ್ಪು ಪರದೆಯ ಎದುರು ಕೂತೇ ಇದ್ದಳು, ಅದರೊಳಗಿಂದ ಯಾರೋ ತನ್ನ ಹೆಸರು ಕರೆಯಲಿದ್ದಾರೆ ಎಂಬಂತೆ.

"ನಾನು ಸತ್ತ ಮರುದಿನವೇ ನೀನು ಸೂಪರ್‌ವೈಸರ್," ಎಂದ ಪಾಸ್ಕಲ್.

"ಸುಮ್ಮನೆ ಗಂಜಿ ಉಣ್ಣಿ."

*

ಕಾರ್ಖಾನೆಯ ಧಣಿ ಅನಂತಪದ್ಮನಾಭ ಕಾಮತರು ಚಪ್ಪಲಿ ಕಳಚಿ ಬಂದು, ಪೆಟ್ಟಿಗೆಗೆ ಕೈಮುಗಿದು, ಡೈನಾಳನ್ನು ಬಾಗಿಲ ಬಳಿ ಕರೆದರು.

"ಬಿ.ಕಾಂ. ಆಗಿದೆ ಅಲ್ವಾ? ಕಾರ್ಕಳದ ಆ ಬಟ್ಟೆ ಅಂಗಡಿ ಕೆಲಸ ಬಿಡು. ಸೋಮವಾರದಿಂದ ನಮ್ಮ ಆಫೀಸಿಗೆ ಬಾ. ಇಪ್ಪತ್ತೈದು ಸಾವಿರ. ನಿನ್ನ ಅಮ್ಮ ತೆಗೆದುಕೊಳ್ಳಲಿಲ್ಲ, ನೀನಾದರೂ ತೆಗೆದುಕೋ."

ಕುರ್ಚಿ ಕಿರುಗುಟ್ಟಿತು. ತಂದೆ ತಲೆಯೆತ್ತಿದ್ದಾನೆಂದು ಡೈನಾಳಿಗೆ ತಿರುಗದೆಯೇ ತಿಳಿಯಿತು.

"ಇಪ್ಪತ್ತೊಂದರ ಒಳಗೆ ಬರೆಯಬಹುದಾ ಸರ್? ಕಾರ್ಡಿನಲ್ಲಿ ಪಪ್ಪನನ್ನು ಸೇರಿಸಬೇಕು."

"ಆಫೀಸಿನವರಿಗೆಲ್ಲ ಒಂದೇ ಲೆಕ್ಕ. ನಿನಗೊಬ್ಬಳಿಗೆ ಕಡಿಮೆ ಮಾಡಲಿಕ್ಕೆ ಆಗುವುದಿಲ್ಲ."

"ಬೀಜ ಒಡೆಯುವಲ್ಲಿ ಒಂದು ಜಾಗ ಖಾಲಿ ಉಂಟಲ್ಲ?"

ಕಾಮತರು ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ಅವಳನ್ನು ನೋಡಿದರು. "ಇಷ್ಟು ಕಲಿತು ಅಲ್ಲಿ ಕೂರುತ್ತೀಯಾ? ಕಾರ್ಡಿನ ಮಿತಿ ಹೇಗೂ ಏರಿಸುತ್ತಾರಂತೆ. ಸುಮ್ಮನೆ ಆಫೀಸಿಗೆ ಬಾ."

"ಆಫೀಸು ಬೇಡ ಸರ್."