ಜಾವೀದನನ್ನು ಕರೆತಂದ ಮಹಾಮಾಯಾ

ಭಾಲ್ಕಿಯ ಹಾಲಿನ ಕೇಂದ್ರದ ಮುಖ್ಯಸ್ಥೆ ಮಹಾಮಾಯಾಗೆ, ಸರಿತಾಳನ್ನು ಯಾರಾದರೂ ಹೊಗಳಿದರೆ ಮೈಯೆಲ್ಲ ಉರಿಯುತ್ತಿತ್ತು. ಎಕಂಬಾದ ಕುರಿಗಾರರ ಮನೆಯ ಆ ಹುಡುಗಿಗೆ ಕೆಲಸ ಕಲಿಸಿದವಳೇ ಇವಳು. ಈಗ ಸರಿತಾ ಔರಾದ ಕೇಂದ್ರದ ಮುಖ್ಯಸ್ಥೆ. ಅಲ್ಲಿ ಕೆಲಸ ಬಿಟ್ಟವರಿಲ್ಲ. ಭಾಲ್ಕಿಯಲ್ಲಿ ಒಬ್ಬರು ಬಂದರೆ ಇನ್ನೊಬ್ಬರು ಹೋಗುತ್ತಿದ್ದರು. ಬೀದರಿನಲ್ಲಿ ಎಲ್ಲ ಕೇಂದ್ರಗಳ ಮುಖ್ಯಸ್ಥರ ಸಭೆಯಲ್ಲಿ ಹಾಲು ಒಕ್ಕೂಟದ ದೊಡ್ಡ ಸಾಹೇಬರು, "ಮಂದಿನ್ನ ಹ್ಯಾಂಗ ನಡಸ್ಕೋಬೇಕು ಅಂಬೋದು ಸರಿತಾರ ಕಡಿಂದ ಕಲೀರಿ" ಎಂದಾಗ ಮಹಾಮಾಯಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಊಟಕ್ಕೆ ಮಾತ್ರ ನಿಲ್ಲಲಿಲ್ಲ.

ಮರಳುವ ಬಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ಔರಾದದಲ್ಲಿ ಹಾಲು ತಂಪು ಮಾಡುವ ಯಂತ್ರಗಳೆಲ್ಲ ಜಾವೀದನ ಕೈಯಲ್ಲಿದ್ದವು. ಅವನನ್ನು ಕಿತ್ತುಕೊಂಡರೆ ಸರಿತಾಳ ಹೆಸರು ಎಷ್ಟು ದಿನ ಉಳಿದೀತು? ಹೆಚ್ಚಿನ ಸಂಬಳದ ಆಸೆ ತೋರಿಸಿದಳು. ಜಾವೀದನ ಮನೆಯೂ ಭಾಲ್ಕಿಯಲ್ಲೇ ಇತ್ತು, ಬಂದುಬಿಟ್ಟ.

ಸರಿತಾ ಜಗಳಕ್ಕೆ ಬಂದೇ ಬರುತ್ತಾಳೆ ಎಂದು ಮಹಾಮಾಯಾ ಕಾದಳು. ಫೋನು ಬಂತು.

"ಅಕ್ಕಾರ, ಜಾವೀದಗ ಸಕ್ಕರಿ ಬ್ಯಾನಿ ಅದರಿ. ಊಟದ ಹೊತ್ತು ತಪ್ಪಿಸಬ್ಯಾಡ್ರಿ," ಎಂದಳು ಸರಿತಾ. ಅಷ್ಟೇ.

ಜಗಳವಾಡಿದ್ದರೇ ಚೆನ್ನಾಗಿತ್ತು ಎನಿಸಿತು ಮಹಾಮಾಯಾಗೆ.

ದೀಪಾವಳಿ ಕಳೆಯುತ್ತಲೇ ಜಾವೀದ ಅವಳೆದುರು ಬಂದು ನಿಂತ. "ಮೇಡಂ, ನಾ ವಾಪಸ್ ಔರಾದಕ್ಕ..."

"ಪಗಾರ ಸಾಲವಲ್ದೇನು? ಹೆಚ್ಚಿಸ್ತೇನಿ."

"ಪಗಾರದ ಮಾತಲ್ರಿ."

"ಹಂಗಾದ್ರ ಸರಿತಾ ಕರದಾಳ."

ಜಾವೀದ ನೆಲ ನೋಡಿದ. "ಇದ ನೋಡ್ರಿ ಮೇಡಂ. ನೀವು ಕೆಟ್ಟವರಲ್ರಿ. ಆದ್ರ ನಾ ಬಾಯಿ ತೆಗಿಯೂದ್ರಾಗ ನನ್ನ ಮಾತು ನೀವ ಮುಗಿಸ್ತೀರಿ. ಇಲ್ಲಿ ಯಾರೂ ನಿಮ್ಮ ಮುಂದ ಏನೂ ಹೇಳಂಗಿಲ್ರಿ."

ಮಹಾಮಾಯಾ ಬಾಯಿ ತೆರೆದಳು. ಏನು ಹೇಳಹೊರಟಿದ್ದಳೋ, ಹೇಳಲಿಲ್ಲ.

"ಕೂಡು," ಎಂದಳು. "ಪೂರಾ ಹೇಳು."

ಅವನು ಹೇಳಿದ. ಕ್ಯಾನು ತೊಳೆಯುವ ಸುಭದ್ರಾಬಾಯಿ ತನ್ನ ಪಾಳಿ ಬದಲಿಸಿಕೊಡಿ ಎಂದು ಕೇಳಲು ಎಷ್ಟೋ ಸಲ ಬಾಗಿಲವರೆಗೆ ಬಂದು ಮರಳಿದ್ದಳಂತೆ. ಪ್ರತಿ ಮಾತೂ ಮಹಾಮಾಯಾಗೆ ಚುಚ್ಚಿತು. ಇದನ್ನೆಲ್ಲ ಸರಿತಾ ಯಾರೂ ಕಲಿಸದೆಯೇ ಬಲ್ಲಳು ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು.

ಜಾವೀದ ಔರಾದಕ್ಕೆ ಹೋದ. ಮರುದಿನ ಮಹಾಮಾಯಾ ತಾನೇ ಕ್ಯಾನು ತೊಳೆಯುವಲ್ಲಿಗೆ ಹೋದಳು. ಸುಭದ್ರಾಬಾಯಿ ಮೊಮ್ಮಗಳ ಶಾಲೆಯಿಂದ ಶುರುಮಾಡಿ, ಸೊಸೆಯ ಬಾಣಂತನಕ್ಕೆ ಹೊರಳಿ, ಪಾಳಿಯ ಮಾತಿಗೆ ಬರುವಷ್ಟರಲ್ಲಿ ಹಾಲು ಒಯ್ಯುವ ಟ್ಯಾಂಕರ್ ಬಂದು ನಿಂತಿತ್ತು. ನಡುನಡುವೆ ಮಹಾಮಾಯಾಳ ನಾಲಿಗೆಯ ತುದಿಗೆ ಉತ್ತರ ಬರುತ್ತಿತ್ತು. ಹಲ್ಲು ಕಚ್ಚಿ ತಡೆದುಕೊಂಡಳು.

"ಮುಂದ ಹೇಳ್ರಿ, ಬಾಯಿ," ಎಂದಳು.